ಕಲಶದ ಕೊರಳಲ್ಲಿ ರೋಮನ್ ದೊರೆ

ದೆವ್ವ, ದೃಷ್ಟಿ, ಮಾಟ ಎಂದರೆ ನಗುತ್ತಿದ್ದವಳು ನಾನು. ಯಾರಾದರೂ ಇಂಥ ಕಥೆ ತೆಗೆದರೆ, "ಹೊಟ್ಟೆ ಕೆಟ್ಟಿರ್ಬೇಕು, ಜೀರಿಗೆ ಕಷಾಯ ಕುಡೀರಿ" ಅನ್ನುತ್ತಿದ್ದೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೂ ನನಗೇನೂ ಬೇಸರವಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾವು ಆಗ ಪರದೇಶದಲ್ಲಿ, ಪಶ್ಚಿಮ ಕರಾವಳಿಯ ನೆವಾರ್ಕ್ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಹತ್ತಿರದ ಲಾಸ್ ಗ್ಯಾಟೋಸಿನಲ್ಲಿ ಹಳೆಯ ನಾಣ್ಯಗಳನ್ನು ಮಾರುವ ವೃದ್ಧರೊಬ್ಬರ ಅಂಗಡಿಯಲ್ಲಿ ನನಗೆ ಕೆಲಸ; ಒಂದೊಂದು ನಾಣ್ಯದ ವಿವರವನ್ನೂ ಕಾರ್ಡಿನಲ್ಲಿ ಟೈಪ್ ಮಾಡುವುದು. ಆ ಆಗಸ್ಟಿನಲ್ಲಿ ಅಲ್ಲಿಗೆ ರೋಮನ್ನರ ಒಂದು ಚಿನ್ನದ ನಾಣ್ಯ ಬಂತು. ಚಲಾವಣೆಯದಲ್ಲ. ಕೊನೆಗಾಲದ ಚಕ್ರವರ್ತಿಯೊಬ್ಬ ತನ್ನ ಸರದಾರರಿಗೆ ಉಡುಗೊರೆ ಕೊಡಲೆಂದೇ ಅಚ್ಚು ಹಾಕಿಸಿದ್ದು. ಸಣ್ಣ ನಿಪ್ಪಟ್ಟಿನಷ್ಟು ಅಗಲ. ಒಂದು ಕಡೆ ಬಲಕ್ಕೆ ಮುಖ ಮಾಡಿದ ದೊರೆ, ಇನ್ನೊಂದು ಕಡೆ ರೆಕ್ಕೆಯ ದೇವತೆ. ದೊರೆಯ ತಲೆಯ ಮೇಲೆ ಎರಡು ತೂತು. ಯಾರೋ ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದರಂತೆ. 'ಮುಖ ಬಲಕ್ಕೆ' ಎಂದು ಕಾರ್ಡಿನಲ್ಲಿ ಟೈಪ್ ಮಾಡಿದವಳು ನಾನೇ.

ಆ ಶುಕ್ರವಾರ ವರಮಹಾಲಕ್ಷ್ಮಿ ವ್ರತ. ನನ್ನ ಒಡವೆಗಳೆಲ್ಲ ಮೈಸೂರಿನ ಲಾಕರಿನಲ್ಲಿ. ಲಕ್ಷ್ಮಿಯನ್ನು ಬೋಳು ಕೊರಳಲ್ಲಿ ಕೂರಿಸುವುದು ಹೇಗೆ ಎಂದು ವಾರದಿಂದ ಕೊರಗುತ್ತಿದ್ದೆ. ಅಂಗಡಿಯ ಯಜಮಾನರು ಊರಲ್ಲಿರಲಿಲ್ಲ. ಗುರುವಾರ ಸಂಜೆ ನಾಣ್ಯವನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಶನಿವಾರ ತಂದಿಡುತ್ತೇನಲ್ಲ, ಅದು ಕಳ್ಳತನ ಹೇಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳಿಗ್ಗೆ ಅದನ್ನು ಅರಿಶಿನದ ದಾರದಲ್ಲಿ ಪೋಣಿಸಿ ಕಲಶದ ಕೊರಳಿಗೆ ಕಟ್ಟಿದೆ. ದೊರೆಯ ಕೆನ್ನೆಗೂ ಕುಂಕುಮ ಹಚ್ಚಿದೆ. ಎದುರು ನಿಂತು ನೋಡಿದರೆ ಕಲಶದ ಬಲಕ್ಕೆ ಕಿಟಕಿ, ಎಡಕ್ಕೆ ನನ್ನ ಐದು ವರ್ಷದ ಮಗಳು ಸುಮಾ. ಕ್ಷಣದಲ್ಲೇ ಫೋಟೋ ಹೊರಬರುವ ಕ್ಯಾಮೆರಾದಲ್ಲಿ ನಮ್ಮವರು ಅತ್ತೆಗೆ ಕಳಿಸಲೆಂದು ಒಂದು ಫೋಟೋ ತೆಗೆದು, ಅದನ್ನು ಮೇಜಿನ ಮೇಲಿಟ್ಟು ಆಫೀಸಿಗೆ ಹೋದರು.

ನಾನು ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದೆ.

"ಅಮ್ಮಾ, ದಟ್ ಅಂಕಲ್ ಈಸ್ ಲುಕಿಂಗ್ ಅಟ್ ಮಿ."

"ಅವನು ಕಿಟಕಿ ಕಡೆ ನೋಡ್ತಿದಾನೆ ಕಣೇ, ಸುಮ್ನೆ ಕೂತ್ಕೋ" ಎಂದೆ, ತಿರುಗಿಯೂ ನೋಡದೆ.

"ನಾಟ್ ಎನಿಮೋರ್, ಅಮ್ಮಾ."

ಆಮೇಲೆ ಮಾತೇ ಇಲ್ಲ. ಹೋಗಿ ನೋಡಿದರೆ ಮಗು ಎರಡೂ ಕೈಯಲ್ಲಿ ಕೊರಳು ಹಿಡಿದುಕೊಂಡಿದೆ, ಉಸಿರಾಡುತ್ತಿಲ್ಲ, ತುಟಿ ನೀಲಿಗಟ್ಟಿದೆ. ಬಾಯಿಗೆ ಬೆರಳು ಹಾಕಿದೆ, ಏನೂ ಸಿಕ್ಕಿಕೊಂಡಿರಲಿಲ್ಲ. ಬೆನ್ನು ಗುದ್ದಿದೆ. ಆಗ ಕಲಶದ ಮೇಲೆ ಕಣ್ಣು ಬಿತ್ತು. ದೊರೆ ಎಡಕ್ಕೆ ತಿರುಗಿದ್ದ. ಮಾರನೆಯ ದಿನ ವಿಸರ್ಜನೆಯಾಗುವವರೆಗೆ ಕಲಶವನ್ನು ಅಲುಗಿಸಬಾರದು. ನಾನು ಚಾಕು ತಂದು ಆ ದಾರ ಕತ್ತರಿಸಿದೆ. ನಾಣ್ಯ ನೆಲಕ್ಕೆ ಬಿತ್ತು. ಅದೇ ಗಳಿಗೆಯಲ್ಲಿ ಮಗು ಉಸಿರೆಳೆದು ಜೋರಾಗಿ ಅತ್ತಿತು.

ಎತ್ತಿ ನೋಡಿದಾಗ ಮುಖ ಬಲಕ್ಕೇ ಇತ್ತು. ಗಾಬರಿಯಲ್ಲಿ ಕಣ್ಣು ಮೋಸ ಮಾಡಿರಬೇಕು ಎಂದುಕೊಂಡೆ. ಮಗುವಿಗೆ ಏನೂ ಆಗಿಲ್ಲ ಎಂದು ಡಾಕ್ಟರೂ ಹೇಳಿದರು. ಶನಿವಾರ ನಾಣ್ಯ ತನ್ನ ಜಾಗ ಸೇರಿತು. ಅಂಗಡಿಯ ಯಜಮಾನರಿಗೆ ನಾನು ಕೊನೆಯವರೆಗೂ ಹೇಳಲಿಲ್ಲ; ಆ ನಾಚಿಕೆ ಬೇರೆಯೇ ಇದೆ.

ಅತ್ತೆಗೆ ಕಾಗದ ಬರೆಯುವ ದಿನ ಆ ಫೋಟೋ ಕೈಗೆತ್ತಿಕೊಂಡೆ. ಅದರಲ್ಲಿ ದೊರೆಯ ಮುಖ ಎಡಕ್ಕಿದೆ, ನನ್ನ ಮಗಳ ಕಡೆಗೆ. ಚಿತ್ರವೇ ತಿರುವುಮುರುವಾಗಿದೆ ಎನ್ನೋಣವೆಂದರೆ ಗೋಡೆಯ ಕ್ಯಾಲೆಂಡರಿನ ಅಕ್ಷರಗಳು ನೆಟ್ಟಗಿವೆ. ಅಂದರೆ ಫೋಟೋ ತೆಗೆದ ಹೊತ್ತಿನಿಂದಲೇ, ನಾನು ನಿಶ್ಚಿಂತೆಯಿಂದ ಒಬ್ಬಟ್ಟು ತಟ್ಟುತ್ತಿದ್ದಷ್ಟು ಹೊತ್ತೂ ಅವನು ಅವಳನ್ನೇ ನೋಡುತ್ತಿದ್ದ.

ಆ ಫೋಟೋ ಮೈಸೂರಿಗೆ ಹೋಗಲಿಲ್ಲ. ಸುಮಾಗೆ ಇದೊಂದೂ ನೆನಪಿಲ್ಲ, ನಾನೂ ನೆನಪಿಸಿಲ್ಲ. ಈಗ ಅವಳ ಮಗಳಿಗೆ ಐದು ವರ್ಷ. ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಹಬ್ಬದ ದಿನ ನಮ್ಮ ಕಲಶಕ್ಕೆ ಹೂವಿನ ಹಾರ ಮಾತ್ರ. ಮೊಮ್ಮಗಳು ನನ್ನ ಜೊತೆ ಅಡುಗೆಮನೆಯಲ್ಲೇ ಇರಬೇಕು, ನನ್ನ ಸೆರಗು ಹಿಡಿದುಕೊಂಡು.