ಮಸೆದ ಕೊಡಲಿ

ನನ್ನ ಅಕ್ಷರ ಸೊಟ್ಟ, ತಪ್ಪುಗಳೂ ಬಹಳ. ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟವಳು, ಹೊಂದಿಸಿಕೊಂಡು ಓದಿರಿ. ಹಿತ್ತಲಲ್ಲಿ ಈಗಷ್ಟೇ ಸೀಳಿದ ಜಾಲಿಯ ವಾಸನೆಗೆ ಧಾರವಾಡದ ನಮ್ಮ ಅಜ್ಜಿಯ ನೆನಪಾಯಿತು.

ಅಜ್ಜಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ನಾನು ಸಣ್ಣವಳಿದ್ದಾಗ ಒಮ್ಮೆ ಕಟ್ಟಿಗೆ ಒಡೆಯಲು ಬಂದ ದ್ಯಾಮಣ್ಣನ ಕೊಡಲಿಯ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿ, "ಬೇಕಂತನ ಮೊಂಡ ಕೊಡಲಿ ತಂದಾನ. ಸಂಜಿತನಕ ಕೆಲಸ ಎಳದು ಎರಡೂ ಹೊತ್ತು ಇಲ್ಲೇ ಉಣ್ಣೂ ಹಂಚಿಕಿ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅವನು ಊಟ ಮಾಡಿ ಬೇವಿನ ನೆರಳಿಗೆ ಅಡ್ಡಾದಾಗ, ಆ ಕೊಡಲಿಯನ್ನು ಒಗೆಯುವ ಕಲ್ಲಿನ ಮೇಲೆ ನನ್ನಿಂದ ಮಸೆಯಿಸಿದಳು. ನಾನೂ ಹುರುಪಿನಿಂದ ಮಸೆದೆ.

ದ್ಯಾಮಣ್ಣ ಎದ್ದವನೇ ಗಂಟಿದ್ದ ಜಾಲಿ ತುಂಡಿಗೆ ಬೀಸಿದ. ಕಟ್ಟಿಗೆ ಸೀಳಲಿಲ್ಲ, ಕೊಡಲಿ ಒಳಗೇ ಕಚ್ಚಿಕೊಂಡಿತು. ಅಲುಗಾಡಿಸಿ ಎಳೆದಾಗ ಹೊಸ ಅಂಚು ಚಕ್ಕೆಯಾಗಿ ಹಾರಿ, ಹಿಡಿಯುವ ಕಾವೂ ಮುರಿಯಿತು.

"ಯಾರ ಮಸದೀರಿ ಇದನ್ನ? ಕಡಿಯೂದು ಬ್ಯಾರೆ, ಸೀಳೂದು ಬ್ಯಾರೆರಿ ಅಮ್ಮಾ. ಸೀಳಾಕ ದಪ್ಪ ಬಾಯೇ ಬೇಕು. ನಾಳೆ ಬೆಂಗೇರಿಯೊಳಗ ಕೆಲಸ ಹಿಡದೀನಿ, ಏನ ತಗೊಂಡು ಹೋಗ್ಲಿ?"

"ಮುರುಕ ಕೊಡಲಿ ತಂದು ನಮ್ಮ ತಲಿಗಿ ಕಟ್ಟಾಕತ್ತೀಯೇನೋ?" ಎಂದಳು ಅಜ್ಜಿ.

ಅವನು ನನ್ನತ್ತ ನೋಡಿದ. ಕಲ್ಲಿನ ಕೆಸರು ಮೆತ್ತಿದ ಕೈಗಳನ್ನು ಉಟ್ಟ ಪರಕಾರದ ಹಿಂದೆ ಅಡಗಿಸಿದೆ.

ಇವತ್ತು ಮುಂಜಾನೆ ಕಟ್ಟಿಗೆ ಒಡೆಯುವವನನ್ನು ನಾನೂ ಅಜ್ಜಿಯ ಹಾಗೆ ನಂಬದೆ, ಕದದ ಸಂದಿಯಿಂದ ಕಾಯುತ್ತ ನಿಂತಿದ್ದೆ. ನನಗೇ ನಾಚಿಕೆಯಾಗಿ ಕದ ಪೂರ್ತಿ ತೆರೆದು, ಅವನಿಗೊಂದು ತಂಬಿಗೆ ನೀರು ಕೊಟ್ಟೆ.