ಹೊಲಿಗೆಯ ಗುಂಟ

ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಅದರ ಮೇಲೆ ಒಮ್ಮೆ ಅಂಗೈ ಆಡಿಸುವುದು ಟೈಲರಮ್ಮನ ಅಭ್ಯಾಸ. ಸುಕ್ಕು ತೆಗೆಯುತ್ತಾಳೆ ಎಂದು ನೋಡಿದವರು ಅಂದುಕೊಳ್ಳುತ್ತಿದ್ದರು. ಸುಕ್ಕಿಗಲ್ಲ. ಕತ್ತರಿ ಒಂದು ಸಲ ಆಡಿತೆಂದರೆ ಮುಗಿಯಿತು, ಹಿಂದಕ್ಕೆ ಬರುವ ಮಾತಿಲ್ಲ; ಅದಕ್ಕೇ ಒಂದು ಗಳಿಗೆ ಕೈಯೂ ಯೋಚಿಸಲಿ ಎಂದು. ಬೀದಿಯ ಅರ್ಧ ಜನರ ಮೈಯಳತೆ ಅವಳಿಗೆ ಬಾಯಿಪಾಠವಾಗಿತ್ತು. ಯಾರು ಊದಿಕೊಂಡರು, ಯಾರು ಸೊರಗಿದರು ಎಂಬುದು ಡಾಕ್ಟರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು, ಗೊತ್ತಾದದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿಯೂ ಬಿಡುತ್ತಿದ್ದಳು. ಕೋಪ ಮೂಗಿನ ತುದಿಯಲ್ಲೇ ಇದ್ದ ಹೆಂಗಸು.

ರೆಡಿಮೇಡ್ ಬಂದು ಅವಳ ಅಂಗಡಿಯನ್ನು ನುಂಗಿ ನೀರು ಕುಡಿಯಿತು. ಮೊದಲು ಹೊಸದು ಹೊಲಿಸುವವರು ನಿಂತರು, ಆಮೇಲೆ ಹಳೆಯದಕ್ಕೆ ತೇಪೆ ಹಾಕಿಸುವವರು. ಗುಂಡಿ ಕಿತ್ತುಹೋದರೆ ಅಂಗಿಯನ್ನೇ ಎಸೆಯುವ ಕಾಲ ಬಂದಾಗ ಟೈಲರಮ್ಮ ಬಾಗಿಲೆಳೆದು ಕೈಮಿಷನ್ನನ್ನು ಮನೆಗೆ ತಂದಿಟ್ಟಳು. ಬಸ್ ಓಡಿಸಿ ನಿವೃತ್ತನಾಗಿದ್ದ ಗಂಡ ಅದರ ಮೇಲೆ ಪೇಪರ್ ಹರಡಿಕೊಂಡು ಓದತೊಡಗಿದ. ಅದೊಂದನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ. ಎಲ್ಲಾದರೂ ಕೆಲಸಕ್ಕೆ ಸೇರಿಯೇ ಸೇರುತ್ತೇನೆಂದು ಹಟ ಹಿಡಿದಳು.

ಕೆಲಸ ಕೊಡಿಸಿದವಳು ನಾದಿನಿ. ಊರಾಚೆಯ ಒಂದು ದೊಡ್ಡ ಬಟ್ಟೆ ಕಂಪನಿಯ ಗೋಡೌನಿನಲ್ಲಿ ಅವಳು ಸೂಪರ್‌ವೈಸರ್. ಟೈಲರಮ್ಮ ಮದುವೆಯಾಗಿ ಬಂದಾಗ ಈ ನಾದಿನಿ ಇನ್ನೂ ಮೂಗು ಸುರಿಸಿಕೊಂಡು ಓಡಾಡುವ ಮಗು. ಅವಳ ಶಾಲೆಯ ಸ್ಕರ್ಟಿನ ಮಡಿಕೆಯನ್ನು ವರ್ಷ ವರ್ಷವೂ ಬಿಚ್ಚಿ, ಉದ್ದ ಮಾಡಿ, ಹೊಲಿದು ತೊಡಿಸಿದ್ದು ಈ ಅತ್ತಿಗೆಯೇ. ಸೂಜಿಗೆ ದಾರ ಪೋಣಿಸುವುದನ್ನಾದರೂ ಕಲಿಯೇ ಎಂದರೆ ನಗುತ್ತಾ ಓಡಿಹೋಗುತ್ತಿದ್ದಳು. ಈಗ ಅವಳ ಕೊರಳಲ್ಲಿ ಗುರುತಿನ ಕಾರ್ಡು, ಕೈಯಲ್ಲಿ ವಾಕಿಟಾಕಿ. ಮೊದಲ ದಿನವೇ ಬಾಗಿಲಲ್ಲಿ ನಿಲ್ಲಿಸಿ ಹೇಳಿದಳು: “ಅತ್ತಿಗೆ ಗಿತ್ತಿಗೆ ಎಲ್ಲ ಮನೇಲಿ. ಇಲ್ಲಿ ನೀವು ನನ್ನನ್ನ ಮೇಡಂ ಅನ್ಬೇಕು. ನಾನೂ ನಿಮ್ಮನ್ನ ಅತ್ತಿಗೆ ಅನ್ನಲ್ಲ.” ಟೈಲರಮ್ಮ ತಲೆಯಾಡಿಸಿ, ಅಂದಿನಿಂದ ಪ್ರತಿ ಮಾತಿಗೂ ಎರಡೆರಡು ಸಲ ಮೇಡಂ ಸೇರಿಸಿ ಅವಳ ಜೀವ ತಿಂದಳು.

ಕೆಲಸ ಏನೆಂದು ತಿಳಿದಾಗ ಈ ತಮಾಷೆಯೆಲ್ಲ ಹಾರಿಹೋಯಿತು. ಮಾರಾಟವಾಗದೆ ಉಳಿದ, ಗಿರಾಕಿಗಳು ವಾಪಸ್ ಕಳಿಸಿದ ಬಟ್ಟೆಗಳು ಅಲ್ಲಿಗೆ ಬರುತ್ತಿದ್ದವು. ಹೊಚ್ಚ ಹೊಸವು, ಬೆಲೆಯ ಚೀಟಿ ಕೂಡ ಕಿತ್ತಿರದಂಥವು. ಅಗ್ಗಕ್ಕೆ ಮಾರಿದರೆ ಕಂಪನಿಯ ಹೆಸರು ಕೆಡುತ್ತದಂತೆ. ಸುಮ್ಮನೆ ಕೊಟ್ಟರಂತೂ ಕೇಳುವುದೇ ಬೇಡ. ಹಾಗಾಗಿ ಒಂದೊಂದರ ಬೆನ್ನನ್ನೂ ಅಡ್ಡಡ್ಡ ಸೀಳಿ, ಚೀಲಕ್ಕೆ ತುಂಬಿ, ಲಾರಿಯಲ್ಲಿ ಕಸದ ಗುಂಡಿಗೆ ಕಳಿಸಬೇಕು. ಅಲ್ಲಿ ಬೆಂಕಿ ಹಾಕುತ್ತಾರೆ. ಹೊಲಿದು ಬದುಕಿದವಳಿಗೆ ಸೀಳುವ ಕೆಲಸ! ಇಂಥದೊಂದು ಉಪಾಯ ಹೊಳೆದ ತಲೆ ಯಾವುದೋ, ಅದಕ್ಕೆ ಸಂಬಳ ಬೇರೆ.

ಟೈಲರಮ್ಮ ಮೊದಲ ಕೋಟನ್ನು ಮೇಜಿನ ಮೇಲೆ ಹಾಸಿ ಅಂಗೈ ಆಡಿಸಿದಳು. ಉಣ್ಣೆಯ ಕೋಟು, ಒಳಗೆ ನುಣುಪು ಬಟ್ಟೆಯ ಅಸ್ತರು. ಕತ್ತರಿ ಎತ್ತಲು ಕೈ ಏಳಲಿಲ್ಲ. ಪಕ್ಕದ ಮೇಜುಗಳಲ್ಲಿ ಉಳಿದವರು ಪರಪರ ಸೀಳುತ್ತಿದ್ದರು. ಅವಳು ಕೋಟನ್ನು ಒಳಮಗ್ಗುಲು ತಿರುಗಿಸಿ, ಭುಜದ ಹೊಲಿಗೆ ಹುಡುಕಿ, ದಾರವನ್ನಷ್ಟೇ ಕತ್ತರಿಸುತ್ತಾ ಹೋದಳು. ತೋಳು ಬೇರೆ, ಬೆನ್ನು ಬೇರೆ, ಎದೆ ಬೇರೆ ಬಂತು. ದೂರದಿಂದ ನೋಡಿದರೆ ಕೋಟು ಚಿಂದಿ. ಹತ್ತಿರದಿಂದ ನೋಡಿದರೆ ಬಟ್ಟೆಯ ಒಂದೆಳೆಯೂ ಕಡಿದಿರಲಿಲ್ಲ. ಮುಂದೆ ಎಲ್ಲವನ್ನೂ ಹೀಗೇ ಮಾಡಿದಳು. ಯಾಕೆಂದು ಕೇಳಿದ್ದರೆ ಅವಳ ಬಳಿ ಉತ್ತರವಿರಲಿಲ್ಲ, ಹೇಗಿದ್ದರೂ ಸುಡುವುದೇ ತಾನೆ.

ಉತ್ತರ ಹೊಗೆಯ ರೂಪದಲ್ಲಿ ಬಂತು. ಒಂದು ಸಂಜೆ ಗಾಳಿ ತಿರುಗಿ, ಗುಂಡಿಯ ಹೊಗೆ ಅವರ ಬೀದಿಗೇ ನುಗ್ಗಿತು. ಬಟ್ಟೆ ಸುಟ್ಟ ವಾಸನೆಯಲ್ಲ, ಪ್ಲಾಸ್ಟಿಕ್ ಸುಟ್ಟ ನಾತ; ಈಗಿನ ಬಟ್ಟೆಯಲ್ಲಿ ಹೆಚ್ಚಿನದು ಅದೇ ಅಲ್ಲವೆ. ಗಂಡ ಕೆಮ್ಮಿ ಕೆಮ್ಮಿ ಕಿಟಕಿ ಹಾಕಿದ. ತಾನು ಹಗಲೆಲ್ಲ ಚೀಲಕ್ಕೆ ತುಂಬಿದ್ದನ್ನೇ ಈಗ ಮನೆಮಂದಿ ಉಸಿರಾಡುತ್ತಿದ್ದೇವೆ ಎಂದು ಹೊಳೆದಾಗ ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ರಜೆಯ ದಿನ ಬೆಳಿಗ್ಗೆಯೇ ಮಿಷನ್ನಿನ ಮೇಲಿನ ಪೇಪರ್ ಎತ್ತಿ ಬಿಸಾಕಿ, ಈ ಮಿಷನ್ನನ್ನು ಸೈಕಲ್ಲಿಗೆ ಕಟ್ಟಿ, ಕಸದ ಗುಂಡಿಗೆ ಹೋಗೋಣ ಎಂದಳು. ತನ್ನ ಇಡೀ ಸರ್ವಿಸಿನಲ್ಲಿ ಇಂಥದೊಂದು ಸ್ಟಾಪು ಬಂದಿರಲಿಲ್ಲ ಎಂದು ಗೊಣಗುತ್ತಲೇ ಅವನು ಸೈಕಲ್ ತಳ್ಳಿದ.

ಗುಂಡಿಯಲ್ಲಿ ಚಿಂದಿ ಆಯುವವರು ಬೆಂಕಿ ಬೀಳುವ ಮುಂಚೆ ಚೀಲ ಬಿಚ್ಚಿ ನೋಡುತ್ತಿದ್ದರು. ಸೀಳಿದ್ದು ಒರೆಸುವ ಬಟ್ಟೆಗೂ ಸಾಲದು; ಆದರೆ ಈಚೆಗೆ ಬರುತ್ತಿದ್ದ ಅಚ್ಚುಕಟ್ಟು ತುಂಡುಗಳು ಏನಕ್ಕಾದರೂ ಬಂದಾವೆಂದು ತೆಗೆದಿಟ್ಟಿದ್ದರು. ಟೈಲರಮ್ಮ ರಸ್ತೆಬದಿಯ ಮರದ ಕೆಳಗೆ ಕೂತು, ಅವನ್ನು ಮತ್ತೆ ಜೋಡಿಸಿ ಮಿಷನ್ನಿನ ಹಿಡಿ ತಿರುಗಿಸಿದಳು. ಮೊದಲ ಕೋಟು ತೊಟ್ಟ ಮುದುಕಿ ನಂಬಿಕೆ ಬರದೆ ಅದರ ಗುಂಡಿ ಹಾಕಿ ಬಿಚ್ಚಿ, ಮತ್ತೆ ಹಾಕಿದಳು. ಅಂದಿನಿಂದ ಪ್ರತಿ ರಜೆಗೂ ಅಲ್ಲೇ ಅಂಗಡಿ. ಆಚೆ ಮರೆಯಲ್ಲಿ ಕೂರೋಣ, ಹೋಗುವವರು ಬರುವವರು ನೋಡುತ್ತಾರೆ ಎಂದು ಗಂಡ ಹೇಳಿ ನೋಡಿದ.

“ನೋಡ್ಲಿ ಬಿಡ್ರಿ. ಕದ್ದ ಮಾಲಲ್ಲ, ಎಸೆದ ಮಾಲು. ನಾಚಿಕೆ ಎಸೆದೋರಿಗೆ ಇರ್ಬೇಕು,” ಎಂದು ಅವಳು ಮಿಷನ್ನನ್ನು ಇನ್ನಷ್ಟು ರಸ್ತೆಯ ಕಡೆಗೇ ಎಳೆದುಕೊಂಡಳು.

ಗೋಡೌನಿನ ಉಳಿದ ಕತ್ತರಿಗಳೂ ಮೆಲ್ಲಗೆ ಹೊಲಿಗೆಯ ದಾರಿ ಹಿಡಿದವು. ನಾದಿನಿಗೆ ಗೊತ್ತಾಗದೆ ಏನಿರಲಿಲ್ಲ. ಅವಳು ಆ ಮೇಜುಗಳ ಹತ್ತಿರ ಬಂದಾಗಲೆಲ್ಲ ವಾಕಿಟಾಕಿಯಲ್ಲಿ ಏನೋ ಭಾರೀ ಮಾತು ಬಂದಂತೆ ಮುಖ ತಿರುಗಿಸುತ್ತಿದ್ದಳು.

ಹೀಗಿರುವಾಗ ಮ್ಯಾನೇಜರ್ ಒಂದು ದಿನ ತನ್ನ ಮನೆಯ ಮೆಟ್ಟಿಲು ಗುಡಿಸುವವಳ ಮೈಮೇಲೆ ಕಂಪನಿಯ ಕೋಟು ಕಂಡ. ಅವನ ಹೆಂಡತಿ ತೊಡುವಂಥದೇ. ಅಲ್ಲಿಂದ ಸೀದಾ ಗೋಡೌನಿಗೆ ಬಂದು ಒಂದು ಚೀಲವನ್ನು ಮೇಜಿನ ಮೇಲೆ ಸುರಿದ. ತುಂಡುಗಳನ್ನು ತಿರುಗಿಸಿ ನೋಡಿದವನ ಮುಖ ಕೆಂಪಾಯಿತು. ಯಾರ ಕೆಲಸ ಇದು ಎಂದು ಕೇಳಿದಾಗ ಟೈಲರಮ್ಮ ತಾನೇ ಮುಂದೆ ಬಂದಳು. ಮ್ಯಾನೇಜರ್ ಮಗುವಿನದೊಂದು ನೀಲಿ ಕೋಟನ್ನು ಅವಳೆದುರು ಎಸೆದು, ಎಲ್ಲರ ಮುಂದೆ ಇದರ ಬೆನ್ನು ಸೀಳಿದರೆ ಹಿಂದಿನದನ್ನು ಮರೆತುಬಿಡುತ್ತೇನೆ, ಇಲ್ಲದಿದ್ದರೆ ನಿನ್ನ ಜೊತೆ ಸೂಪರ್‌ವೈಸರೂ ಮನೆಗೆ ಎಂದ.

ತನ್ನೊಬ್ಬಳ ಕೆಲಸ ಹೋಗುವುದಾಗಿದ್ದರೆ ಅವಳು ಅಷ್ಟೊತ್ತಿಗೆ ಗೇಟು ದಾಟಿರುತ್ತಿದ್ದಳು. ಆದರೆ ನಾದಿನಿಯ ಇಬ್ಬರು ಮಕ್ಕಳ ಓದು ಈ ಕೆಲಸದ ಮೇಲೆಯೇ ನಿಂತಿತ್ತು. ಅವಳ ಕಣ್ಣು ಬೇಡುತ್ತಿತ್ತು. ಆ ಮುಖಕ್ಕಾಗಿ ಟೈಲರಮ್ಮ ಕತ್ತರಿಯೊಳಗೆ ಬೆರಳು ತೂರಿಸಿದಳು. ಕೋಟಿನ ಮೇಲೆ ಅಂಗೈ ಆಡಿಸಿದಳು. ಆಮೇಲೆ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು.

“ಇದನ್ನ ಹೊಲಿದೋಳು ಎಲ್ಲೋ ಒಬ್ಬಳಿದಾಳೆ ಸಾರ್. ಸರಿಯಾಗೇ ಹೊಲಿದಿದಾಳೆ. ಇದನ್ನ ನಾನು ಸೀಳಲ್ಲ. ನನ್ನನ್ನ ಕಳಿಸಿ, ಮೇಡಂದು ಇದರಲ್ಲಿ ಏನೂ ಇಲ್ಲ.”

ಮ್ಯಾನೇಜರ್ ಕತ್ತರಿಯನ್ನು ನಾದಿನಿಯ ಕಡೆ ತಳ್ಳಿದ. ನಾದಿನಿ ವಾಕಿಟಾಕಿ ಮೇಜಿನ ಮೇಲಿಟ್ಟು ಕತ್ತರಿ ಎತ್ತಿಕೊಂಡಳು. ಟೈಲರಮ್ಮನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ನೋಡಲಾರದೆ ನೆಲ ನೋಡುತ್ತಾ ನಿಂತಳು. ಬಟ್ಟೆ ಪರಕ್ಕೆಂದೀತು ಎಂದು ಕಾದಳು. ಸದ್ದು ಬರಲಿಲ್ಲ. ತಲೆಯೆತ್ತಿದರೆ ನಾದಿನಿ ಕೋಟನ್ನು ಒಳಮಗ್ಗುಲು ತಿರುಗಿಸಿ, ಎಂದೂ ಸೂಜಿ ಹಿಡಿಯದ ಬೆರಳಿನಿಂದ ಅಂಚನ್ನು ತಡಕುತ್ತಿದ್ದಳು.

“ಅತ್ತಿಗೆ,” ಎಂದಳು, ಎಲ್ಲರಿಗೂ ಕೇಳುವ ಹಾಗೆ. “ಎಲ್ಲಿಂದ ಬಿಚ್ಚಬೇಕು?”

“ಭುಜದಿಂದ ಕಣೇ,” ಎಂದಳು ಟೈಲರಮ್ಮ. “ದಾರ ಮಾತ್ರ. ಬಟ್ಟೆ ಮುಟ್ಟಬೇಡ.”