ಬೆರಳು ಮುಟ್ಟದ ವೀಣಾ

ತನ್ನ ಕಾಲ್ಬೆರಳು ಮುಟ್ಟಲಾರದ ಹುಡುಗಿ ತನ್ನ ಹಣೆಯೆತ್ತರದ ಕಂಬಿಯನ್ನು ಹಾರಿ ದಾಟುತ್ತಿದ್ದಳು. ವೀಣಾ ಎಂದರೆ ನನಗೆ ಮೊದಲು ಕಾಣುವುದು ಇದೇ. ಬಗ್ಗಿದರೆ ಅವಳ ಕೈ ಮೊಣಕಾಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಹಾರುವ ಮುಂಚೆ ನಿಂತಲ್ಲೇ ಗುಬ್ಬಿಯಂತೆ ಕುಪ್ಪಳಿಸಿ, ತೊಡೆಗಳನ್ನು ಪಟಪಟ ಬಡಿದುಕೊಂಡು ಓಡುವಳು. ಅಷ್ಟೇ ಅವಳ ತಯಾರಿ.

ಎಂಬತ್ತರ ದಶಕದ ಕೊನೆ. ಅಮೆರಿಕದ ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ ಅವಳ ತಂದೆ ಶ್ರೀಕಂಠು ನನ್ನ ನೆರೆಯವನು, ಇಂಜಿನಿಯರು. ಅಲ್ಲಿನ ಕನ್ನಡದವರೆಲ್ಲ ಅಂಥವರೇ. ನಾನೊಬ್ಬ ಹೈಸ್ಕೂಲು ಓದಿದವನು, ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದೆ. ಆದರೆ ಭಾನುವಾರ ಶ್ರೀಕಂಠುವಿನ ಬೇಸ್‌ಮೆಂಟಿನಲ್ಲಿ ಆಸನ ಹೇಳಿಕೊಡುವಾಗ ನಾನೇ ಗುರು. ಎಲ್ಲರೂ 'ಯೋಗ ಅಂಕಲ್' ಎನ್ನುತ್ತಿದ್ದರು. ಆ ಎರಡು ಗಂಟೆಗಾಗಿ ವಾರವೆಲ್ಲ ಕಾಯುತ್ತಿದ್ದೆ.

"ಏನಮ್ಮಾ, ಈ ವಯಸ್ಸಲ್ಲಿ ಜಾನಕಿ ಆಂಟಿನೇ ಬೆರಳು ಮುಟ್ಟಿದ್ರು. ನೀನು ಅಥ್ಲೀಟು!" ಎಂದು ಒಮ್ಮೆ ಎಲ್ಲರೆದುರು ಛೇಡಿಸಿದೆ.

"ನೌ ಆಸ್ಕ್ ಹರ್ ಟು ಜಂಪ್, ಅಂಕಲ್."

ಬೇಸ್‌ಮೆಂಟೆಲ್ಲ ನಕ್ಕಿತು. ನಾನೂ ನಕ್ಕೆ. ಒಳಗೆ ಮಾತ್ರ ಅದು ಮುಳ್ಳಿನಂತೆ ಉಳಿಯಿತು.

ಅಂದಿನಿಂದ ಅವಳ ಬೆನ್ನು ಒತ್ತಿ ಬಗ್ಗಿಸುವುದು ನನ್ನ ಹಟವಾಯಿತು. "ಸ್ಟ್ರೆಚ್ ಮಾಡಿದ ಮೇಲೆ ಕಾಲು ಸ್ಲೀಪಿ ಆಗತ್ತೆ ಅಂಕಲ್, ಹಾರೋಕೇ ಆಗಲ್ಲ" ಎಂದು ಹೇಳಿದ್ದಳು. ಅದನ್ನು ಸೋಮಾರಿತನವೆಂದುಕೊಂಡೆ.

ಕೌಂಟಿ ಮೀಟ್, ಅಂದರೆ ಜಿಲ್ಲಾ ಮಟ್ಟದ ಕ್ರೀಡಾಕೂಟ, ಬಂತು. "ಇವತ್ತು ಗೆಲ್ಲಲಿಲ್ಲ ಅಂದ್ರೆ ಈ ಹಾರಾಟ ಸಾಕು, ಕಾಲೇಜಿಗೆ ಸೇರೋ ಎಸ್‌ಎಟಿ ಪರೀಕ್ಷೆಗೆ ಓದು" ಎಂದಿದ್ದ ಶ್ರೀಕಂಠು. ಅವಳು ಗುಬ್ಬಿಯಾಟ ಶುರುಮಾಡಿದ್ದಳು. ನಾನು ತಡೆದು, ಹುಲ್ಲಿನ ಮೇಲೆ ಕಾಲು ಚಾಚಿ ಕೂರಿಸಿ, ಬಹಳ ಹೊತ್ತು ಬೆನ್ನು ಒತ್ತಿ ಹಿಡಿದೆ. ನಮ್ಮ ಯೋಗದಿಂದ ಗೆದ್ದಳೆಂದು ಆ ಬಿಳಿಯರ ನಡುವೆ ಹೇಳಿಸಿಕೊಳ್ಳುವ ಆಸೆ.

ಅಭ್ಯಾಸದಲ್ಲಿ ನಗುತ್ತಾ ದಾಟುತ್ತಿದ್ದ ಎತ್ತರದಲ್ಲೇ ಕಂಬಿ ಬಿತ್ತು. ಎರಡನೆಯ ಸಲವೂ ಬಿತ್ತು. ಉಳಿದದ್ದು ಒಂದೇ ಅವಕಾಶ.

"ಇನ್ನೂ ಸಡಿಲ ಆಗಿಲ್ಲ, ಬಾ."

"ಪ್ಲೀಸ್ ಅಂಕಲ್, ಬೇಡ." ಅವಳು ಅಪ್ಪನ ಮುಖ ನೋಡಿದಳು.

"ದೊಡ್ಡೋರು ಹೇಳ್ತಿದಾರೆ, ಕೂತ್ಕೋ" ಎಂದ ಶ್ರೀಕಂಠು.

ಕೂತಳು. ಈ ಸಲ ಎದೆಯ ಭಾರವನ್ನೆಲ್ಲ ಹಾಕಿ ಒತ್ತಿದೆ. ಎಡತೊಡೆಯ ಹಿಂದೆ ಏನೋ ಹರಿದದ್ದು ಅವಳ ಬೆನ್ನಿನ ಮೂಲಕ ನನ್ನ ಅಂಗೈಗೇ ತಿಳಿಯಿತು. ಅವಳು ಹುಲ್ಲನ್ನು ಹಿಡಿದುಕೊಂಡಳು. ಆಮೇಲೆ ಎದ್ದು ಕುಂಟುತ್ತ ಓಡಿದಳು. ನೆಲ ಬಿಡುವ ಮೊದಲೇ ಮಗುಚಿ ಬಿದ್ದಳು.

ಕಾರಿನಲ್ಲಿ ಶ್ರೀಕಂಠು ನನ್ನನ್ನು ಕೇಳಿದ, "ಏನಾಯ್ತೋ?"

"ದಿನಾ ಅಭ್ಯಾಸ ಮಾಡಿದ್ರೆ ತಾನೇ?" ಎಂದೆ ನಾನು.

ಮನೆ ಮುಟ್ಟುವವರೆಗೂ ಅವಳಿಗೆ ಅಪ್ಪನ ಬೈಗುಳ. ಹಿಂದಿನ ಸೀಟಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿದ್ದಳು, ಕನ್ನಡಿಯಲ್ಲಿ ಕಾಣುತ್ತಿತ್ತು. ನನ್ನ ಹೆಸರು ಎತ್ತಲಿಲ್ಲ. ಮತ್ತೆ ಹಾರಲೂ ಇಲ್ಲ.

ಕೊನೆಯ ಸಲ ನೋಡಿದ್ದು ತೊಂಬತ್ತರ ದಶಕದ ಆರಂಭದಲ್ಲಿ, ಅವಳ ಮದುವೆಯಲ್ಲಿ. "ಅಂಕಲ್‌ಗೆ ನಮಸ್ಕಾರ ಮಾಡಮ್ಮ" ಎಂದ ಶ್ರೀಕಂಠು. ಅವಳು ಎಡಗಾಲನ್ನು ಹಿಂದೆ ಸರಿಸಿ, ಮೆಲ್ಲಗೆ ಬಗ್ಗಿದಳು. ಬೆರಳು ನನ್ನ ಪಾದಕ್ಕೆ ತಾಗಿತು.

"ಬೇಡಮ್ಮ, ಬೇಡ" ಎಂದೆ.

ತಲೆಯೆತ್ತಿ ನನಗೊಬ್ಬನಿಗೇ ಕೇಳುವಂತೆ ಹೇಳಿದಳು: "ಈಗ ಮುಟ್ಟತ್ತೆ ಅಂಕಲ್."

ಶ್ರೀಕಂಠು ಪಕ್ಕದಲ್ಲೇ ಇದ್ದ. ಅಂದು ಹೇಳಿಬಿಡಬಹುದಿತ್ತು. ಅವನು ಮಗಳು ಸೋಮಾರಿಯೆಂದು ನಂಬಿಕೊಂಡೇ ಮುಂದೆ ತೀರಿಕೊಂಡ. ನಾನು ಅಂದು ಅವಳ ತಲೆಯ ಮೇಲೆ ಕೈಯಿಟ್ಟೆ, ಅದೇ ಕೈ, "ಒಳ್ಳೇದಾಗಲಿ" ಎಂದೆ.